ದೋಫುವಿನ ಬಾಣಕ್ಕೆ ಸಿಕ್ಕ ಹಕ್ಕಿ

ದೋಫು ಬಿಟ್ಟ ಬಾಣ ಎಲ್ಲಿಗೆ ಹೋಗುತ್ತದೆ ಎನ್ನುವುದು ದೋಫುವಿಗೂ ಗೊತ್ತಿರುತ್ತಿರಲಿಲ್ಲ, ಬಾಣಕ್ಕೂ ಗೊತ್ತಿರುತ್ತಿರಲಿಲ್ಲ. ಹಾ ಎಂಬ ಕಣಿವೆಯಲ್ಲಿ ಗಂಡಾಗಿ ಹುಟ್ಟಿದ ಮೇಲೆ ಬಿಲ್ಲು ಹಿಡಿಯದೆ ಇರಲಾಗುತ್ತದೆಯೇ? ಅವನೂ ಮೀಸೆ ಮೂಡುವ ಮೊದಲೇ ಹಿಡಿದಿದ್ದ. ಈಗ ಆ ಮೀಸೆಯಲ್ಲಿ ಬಿಳಿಕೂದಲು ಇಣುಕತೊಡಗಿದ್ದವು. ಗುರಿಹಲಗೆಗೆ ಮಾತ್ರ ಅವನ ಬಾಣದ ಪರಿಚಯ ಇನ್ನೂ ಆಗಿರಲಿಲ್ಲ.

ಹಾಗಂತ ಅವನ ಶ್ರದ್ಧೆಯಲ್ಲಿ ಕೊರತೆಯಿತ್ತು ಎನ್ನುವಂತಿಲ್ಲ. ಪಂದ್ಯದ ಹಿಂದಿನ ರಾತ್ರಿ ಬಿಲ್ಲುಗಾರ ಹೆಂಡತಿಯ ಮಗ್ಗುಲಿಗೆ ಹೋಗಬಾರದು ಎಂಬ ಕಟ್ಟಳೆಯನ್ನು ಅವನಷ್ಟು ಕಟ್ಟುನಿಟ್ಟಾಗಿ ಪಾಲಿಸಿದವರು ಕಣಿವೆಯಲ್ಲೇ ಇಲ್ಲ. ಉಳಿದವರೆಲ್ಲ ಗೆಳೆಯರ ಮನೆಯಲ್ಲಿ ಮಲಗಿದರೆ ಇವನು ದನದ ಕೊಟ್ಟಿಗೆಯಲ್ಲೇ ಮಲಗಿ, ಬೆಳಗ್ಗೆ ಸೆಗಣಿ ವಾಸನೆಯೊಂದಿಗೆ ಬಂದು, ಗುರಿಹಲಗೆಯ ದೇವರಿಗೆ ಅಡ್ಡಬಿದ್ದು, ಉಸಿರು ಬಿಗಿಹಿಡಿದು ಬಾಣ ಬಿಡುತ್ತಿದ್ದ. ಬಾಣ ಸುಯ್ಯೆಂದು ಹೋಗಿ ಯಾರದಾದರೂ ಮನೆಯ ಮಾಡಿನ ಮೇಲೆ ಒಣಗಲು ಹರವಿದ ಮೆಣಸಿನಕಾಯಿಯ ನಡುವೆ ನೆಟ್ಟಗೆ ನಿಲ್ಲುತ್ತಿತ್ತು. ದೋಫು ಬಿಲ್ಲೆತ್ತಿದ ಎಂಬ ಸುದ್ದಿ ಬಂದರೆ ಹೆಂಗಸರು ಏಣಿ ಹತ್ತಿ ಮೆಣಸಿನಕಾಯಿ ಬಾಚಿಕೊಳ್ಳುವುದು ಊರಿನ ಪದ್ಧತಿಯೇ ಆಗಿಬಿಟ್ಟಿತ್ತು.

ಇಷ್ಟಾದರೂ ತಂಡದ ನಾಯಕ ಚಾದೋ ಅವನನ್ನು ಬಿಟ್ಟಿರಲಿಲ್ಲ. ಚಾದೋ ಬಲು ಒಳ್ಳೆಯ ಮನುಷ್ಯ, ಬಾಲ್ಯದ ಗೆಳೆಯ ಬೇರೆ. ಅವನ ಒಳ್ಳೆಯತನದಿಂದ ಮುಂದೆ ಏನೇನು ಅನಾಹುತವಾಯಿತು ಎಂಬುದನ್ನು ಹೇಳಲಿಕ್ಕೇ ಇಷ್ಟು ಪೀಠಿಕೆ ಹಾಕಿದ್ದು.

ಆ ವರ್ಷ ಹೊಸವರ್ಷದ ಹಬ್ಬಕ್ಕೆ ನದಿಯಾಚೆಯ ಊರಿನವರೊಡನೆ ಪಂದ್ಯವಿತ್ತು. ಗುಪ್ ನಿಡುಪ್ ಅವರು, ಅಂದರೆ ಸುತ್ತಲ ಹಳ್ಳಿಗಳಿಗೆಲ್ಲ ಮುಖ್ಯಸ್ಥರಾದವರು, ಬಾಯಿತುಂಬ ಎಲೆಅಡಿಕೆ ಹಾಕಿಕೊಂಡು ಡೇರೆಯಲ್ಲಿ ಕೂತಿದ್ದರು. ದೋಫು ಮುಂದೆ ಬಂದು ನಿಂತ. ಎದುರು ಪಕ್ಷದ ಹೆಂಗಸರು ಕೈ ಕೈ ಹಿಡಿದು ಕುಣಿಯುತ್ತಾ ಅವನನ್ನು ಕಿಚಾಯಿಸತೊಡಗಿದರು. "ದೋಫು ಅಣ್ಣಾ, ನಮ್ಮೂರ ಮೆಣಸಿನಕಾಯಿ ಎಲ್ಲಾ ಒಳಗಿಟ್ಟು ಬಂದಿದ್ದೀವಿ, ಇವತ್ತು ಎಲ್ಲಿಗ್ ಹೊಡೀತೀಯಪ್ಪಾ?"

ದೋಫು ಕಣ್ಣು ಮುಚ್ಚಿ ಬಾಣ ಬಿಟ್ಟ. ಕಣ್ಣು ಮುಚ್ಚಿದ್ದನ್ನು ಯಾರೂ ನೋಡಲಿಲ್ಲ ಎಂಬುದು ಅವನ ದೌರ್ಭಾಗ್ಯ. ಬಾಣ ಹಲಗೆಯಿಂದ ಬಹಳ ಬಲಕ್ಕೆ, ಬಹಳ ಮೇಲಕ್ಕೆ ಹೋಯಿತು. ಅಲ್ಲಿ ಪ್ರಾರ್ಥನೆಯ ಬಾವುಟ ಕಟ್ಟಿದ ಎತ್ತರದ ಗಳುವಿನ ತುದಿಯಲ್ಲಿ ಒಂದು ಕಪ್ಪು ಹಕ್ಕಿ ಕೂತಿತ್ತು. ಪುಕ್ಕಗಳು ಫಟ್ಟನೆ ಗಾಳಿಗೆ ಹಾರಿದವು, ಹಕ್ಕಿ ಉರುಳುರುಳಿ ಕೆಳಗೆ ಬಿತ್ತು.

ಎಲ್ಲರೂ ಬಿದ್ದ ಹಕ್ಕಿಯ ಕಡೆ ತಿರುಗಿದರು. ಆಮೇಲೆ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. "ಅಯ್ಯಯ್ಯೋ, ಹಲಗೆ ಅಲ್ಲಿದ್ರೆ ಕಾಗೆ ಹೊಡ್ದ ನೋಡ್ರೇ!"

ದೋಫು ಆಗ ಸುಮ್ಮನೆ ತಲೆ ತಗ್ಗಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಹುಟ್ಟಿದಂದಿನಿಂದ ಏನನ್ನೂ ಹೊಡೆಯದವನು ಕೊನೆಗೂ ಏನನ್ನೋ ಹೊಡೆದಿದ್ದ. ಅವನು ಎದೆಯುಬ್ಬಿಸಿ, ನದಿಯ ಎರಡೂ ದಡಕ್ಕೆ ಕೇಳಿಸುವ ಹಾಗೆ ಕೂಗಿದ: "ಬೇಕಂತಾನೇ ಹೊಡೆದಿದ್ದು! ನಮ್ ಊಟದ ಬುಟ್ಟಿಗೆ ಬಾಯಿ ಹಾಕಿತ್ತು ಆ ಕಳ್ಳ ಕಾಗೆ. ಹಲಗೆ ಯಾವನ್ ಬೇಕಾದ್ರೂ ಹೊಡೀತಾನೆ ಕಣ್ರೇ. ಗಳು ತುದೀಲಿ ಕೂತಿರೋ ಕಾಗೆ ಹೊಡೀರಿ ನೋಡೋಣ, ಯಾವನಿಗಿದೆ ತಾಕತ್ತು!"

ಜನ ಹೋ ಎಂದರು. ಚಾದೋನ ಕಣ್ಣಲ್ಲಿ ನೀರೇ ಬಂತು. ಅವನು ಓಡಿಬಂದು ದೋಫುವನ್ನು ತಬ್ಬಿಕೊಂಡ. ಒಂದು ಬಾಯಿ ಅಡಿಕೆ ಅಗಿಯುವಷ್ಟು ಹೊತ್ತು ದೋಫು ಕಣಿವೆಯ ಅತಿ ದೊಡ್ಡ ಬಿಲ್ಲುಗಾರನಾಗಿದ್ದ.

ಅಷ್ಟರಲ್ಲಿ ಗುಪ್ ಅವರು ಹಕ್ಕಿಯ ಹತ್ತಿರ ಹೋಗಿ ಬಗ್ಗಿದ್ದರು. ಬಗ್ಗಿದವರು ಏಳಲಿಲ್ಲ. ಬಾಯಲ್ಲಿದ್ದ ಅಡಿಕೆಯನ್ನು ಪಕ್ಕಕ್ಕೆ ಉಗಿದರು, ಅಂಥದ್ದನ್ನು ಅವರು ಮದುವೆ ಮನೆಯಲ್ಲೂ ಮಾಡಿದವರಲ್ಲ.

"ದೋಫು, ಬಾ ಇಲ್ಲಿ. ಈ ಕೊಕ್ಕು ನೋಡು. ಈ ಗಾತ್ರ ನೋಡು. ಇದು ಕಾಗೆ ಅನ್ನಿಸುತ್ತೇನೋ ನಿಂಗೆ?"

"ಮತ್ತೇನ್ ಗುಪ್ ಅವ್ರೇ?"

ಗುಪ್ ದನಿ ತಗ್ಗಿಸಿದರು. "ಜಾರೋಗ್ ಇರಬಹುದು."

ಜಾರೋಗ್ ಎಂಬ ಮಾತು ಬಾಯಿಂದ ಬಾಯಿಗೆ ಹೋದ ಹಾಗೆ ಜನ ಒಂದೊಂದೇ ಹೆಜ್ಜೆ ಹಿಂದೆ ಸರಿದರು. ಸರಿಯದೇ ಇರುತ್ತಾರೆಯೇ? ನೋಡಲು ಕಾಗೆಯ ದೊಡ್ಡಣ್ಣನಂತೆ ಇರುತ್ತದೆ ಅಷ್ಟೆ, ಕಾಗೆಗೂ ಅದಕ್ಕೂ ಎಲ್ಲಿಯ ಹೋಲಿಕೆ! ನಾಡನ್ನು ಕಾಯುವ ದೇವರಿಗಿರುವುದು ಜಾರೋಗ್ ಮುಖ. ದೊರೆಗಳ ಕಿರೀಟದ ನೆತ್ತಿಯ ಮೇಲೆ ಕೂತಿರುವುದು ಅದೇ ಹಕ್ಕಿ. ಅದನ್ನು ಕೊಂದರೆ ನೂರು ಭಿಕ್ಷುಗಳನ್ನು ಕೊಂದ ಪಾಪ ಎಂದು ಹಿರಿಯರು ಹೇಳುತ್ತಿದ್ದರು. ಹಿಂದಿನ ಕಾಲದಲ್ಲಾದರೆ ಹೊಡೆದವನ ತಲೆ ಹೋಗುತ್ತಿತ್ತು. ಈಗ ಏನು ಹೋಗುತ್ತದೆ ಎಂಬುದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ, ದೋಫುವಿಗೆ ಅದೇ ಹೆಚ್ಚು ಹೆದರಿಕೆಯಾಯಿತು.

"ಉಸಿರಾಡ್ತಾ ಇದೆ!" ಎಂದು ಚಾದೋ ಕೂಗಿದ. ನಿಜ, ಹಕ್ಕಿ ಸತ್ತಿರಲಿಲ್ಲ. ಬಾಣ ಅದರ ಬಾಲವನ್ನಷ್ಟೇ ಬೋಳಿಸಿಕೊಂಡು ಹೋಗಿತ್ತು. ಹಕ್ಕಿ ಎದ್ದು ಕೂತು, ತಲೆ ಓರೆ ಮಾಡಿ, ನೆರೆದವರನ್ನೆಲ್ಲ ಬಿಟ್ಟು ದೋಫುವನ್ನೇ ದುರುಗುಟ್ಟಿ ನೋಡಿತು. ದೋಫು ಚಾದೋನ ಬೆನ್ನ ಹಿಂದೆ ಸರಿದ.

"ಮನೆಗೆ ತಗೊಂಡ್ಹೋಗು. ಅದಕ್ಕೇನಾದ್ರೂ ಆಯ್ತೋ, ನನ್ ಹತ್ರ ಬರಬೇಡ," ಎಂದರು ಗುಪ್. "ಏನು ಎತ್ತ ಅಂತ ತೀರ್ಮಾನ ಆಗೋವರ್ಗೂ ಅದು ನಿನ್ ಜವಾಬ್ದಾರಿ. ನಾನು ಜೋಂಗ್ ಕಚೇರಿಗೆ ವರದಿ ಬರೀಬೇಕಲ್ಲಪ್ಪಾ. ಕಾಗೆ ಆದ್ರೆ ಬರೆಯೋದು ಬೇಡ. ಜಾರೋಗ್ ಆದ್ರೆ ಬರೀದೆ ಇದ್ರೆ ನನ್ನನ್ನೇ ಒಳಗ್ ಹಾಕ್ತಾರೆ."

ದೋಫು ಹಕ್ಕಿಯನ್ನು ತನ್ನ ಘೋ ಅಂಗಿಯ ಎದೆಯ ಜೋಲಿಯೊಳಗೆ ಇಟ್ಟುಕೊಂಡು ಮನೆಗೆ ಹೊರಟ. ದಾರಿಯುದ್ದಕ್ಕೂ ಅದು ಕೊಕ್ಕು ಹೊರಗೆ ಚಾಚಿ ಎದುರು ಬಂದವರನ್ನೆಲ್ಲ ನೋಡುತ್ತಿತ್ತು.

ಮನೆ ಅವನದಲ್ಲ, ಅತ್ತೆ ಪೆಮ್ ಅಜ್ಜಿಯದು. ಆ ಕಡೆ ಅಳಿಯನೇ ಹೆಂಡತಿಯ ಮನೆಗೆ ಬರುವುದು ರೂಢಿ. ಬಂದ ಅಳಿಯ ಬಾಯಿ ಮುಚ್ಚಿಕೊಂಡಿರುವುದೂ ರೂಢಿಯೇ. ಹೆಂಡತಿ ಬಿದಾಳಿಗೆ ದಿನ ತುಂಬಿತ್ತು. ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ, ದೇವರಿಗೆಲ್ಲ ಹರಕೆ ಹೊತ್ತು ಮುಗಿದ ಮೇಲೆ, ಇನ್ನು ಆಗುವುದಿಲ್ಲ ಎಂದು ಎಲ್ಲರೂ ಸುಮ್ಮನಾದ ಮೇಲೆ ನಿಂತ ಬಸಿರು. ಅವಳು ಒಲೆಯ ಬಳಿ ಕಾಲು ಚಾಚಿ ಕೂತಿದ್ದಳು. ಗಂಡನ ಎದೆಯಿಂದ ಕೊಕ್ಕು ಹೊರಬಂದದ್ದನ್ನು ಕಂಡು, "ಇದೇನ್ರೀ ಇದು!" ಎಂದು ಕಿರುಚಿದಳು.

ಆಗಿದ್ದನ್ನೆಲ್ಲ ಕೇಳಿ ಪೆಮ್ ಅಜ್ಜಿ ಜಪದ ಚಕ್ರ ತಿರುಗಿಸುವುದನ್ನು ನಿಲ್ಲಿಸಿದಳು. ಆ ಚಕ್ರ ನಿಂತದ್ದನ್ನು ದೋಫು ಅದುವರೆಗೆ ಕಂಡಿರಲಿಲ್ಲ.

"ಅಳಿಯಪ್ಪಾ," ಎಂದಳು ಅಜ್ಜಿ, ಬಹಳ ಶಾಂತವಾಗಿ. "ಹೆಂಡ್ತಿ ಬಸುರಿ ಇರುವಾಗ ಗಂಡ ಯಾವ್ ಜೀವಕ್ಕೆ ಕೈ ಮಾಡ್ತಾನೋ ಅದ್ರ ಗುರುತು ಮಗೂ ಮೇಲೆ ಬರುತ್ತೆ. ನಮ್ ಚಿಕ್ಕಮ್ಮನ ಗಂಡ ಮೀನು ಹಿಡ್ದ. ಮಗ ಇವತ್ತಿಗೂ ಬಾಯಿ ಬಿಟ್ಕೊಂಡೇ ಓಡಾಡ್ತಾನೆ. ಅದು ಬರೀ ಮೀನು. ನೀನು ದೇವರ ಮುಖಕ್ಕೇ ಬಾಣ ಬಿಟ್ಟಿದ್ದೀಯ. ನನ್ ಮೊಮ್ಮಗು ಕೊಕ್ಕಿಟ್ಕೊಂಡು ಹುಟ್ಲಿ, ಆಮೇಲಿದೆ ನಿಂಗೆ."

"ಅಮ್ಮಾ, ಸುಮ್ನಿರು!" ಎಂದಳು ಬಿದಾ. ಆದರೆ ಅವಳ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ದೋಫು ಅದನ್ನು ನೋಡಿದ. ತಲೆ, ಜೈಲು, ಗುಪ್, ವರದಿ, ಎಲ್ಲವೂ ಆ ಕ್ಷಣ ಅವನಿಗೆ ಮರೆತುಹೋಯಿತು. ಕೊಕ್ಕಿನ ಮಗುವೊಂದು ತೊಟ್ಟಿಲಲ್ಲಿ ಮಲಗಿ ತನ್ನನ್ನು ಓರೆನೋಟದಿಂದ ದುರುಗುಟ್ಟುವುದು ಕಣ್ಣಿಗೆ ಕಟ್ಟಿತು.

ಇನ್ನು ಇರುವುದು ಒಂದೇ ದಾರಿ. ಇದು ಕಾಗೆ, ಬರೀ ಕಾಗೆ, ಕಸ ತಿನ್ನುವ ದರಿದ್ರ ಕಾಗೆ ಎಂದು ಸಾಬೀತಾಗಬೇಕು.

ಮಾರನೆಯ ದಿನದಿಂದ ಮನೆ ಜಾತ್ರೆಯಾಯಿತು. ಹಕ್ಕಿಯನ್ನು ನೋಡಲು ಊರೆಲ್ಲ ಬಂತು. ಬಂದವರಿಗೆ ಬೆಣ್ಣೆ ಚಹಾ ಕಾಯಿಸಿ ಕಾಯಿಸಿ ಪೆಮ್ ಅಜ್ಜಿಗೆ ರೋಸಿಹೋಯಿತು. ಒಬ್ಬ ಕೊಕ್ಕು ದಪ್ಪ ಇದೆ, ಜಾರೋಗೇ ಎಂದ. ಇನ್ನೊಬ್ಬ, ನಮ್ಮ ಕಾಗೆಗಳಿಗೂ ದಪ್ಪ ಕೊಕ್ಕೇ ಇರುತ್ತದೆ ಎಂದ. ಮೊದಲಿನವನು, ಹಾಗಾದರೆ ಗಂಟಲ ಕೆಳಗಿನ ಗಡ್ಡದಂಥ ಪುಕ್ಕ ನೋಡು ಎಂದ. ಗಡ್ಡ ಇದೆಯೋ ಇಲ್ಲವೋ ನೋಡಲು ಬಗ್ಗಿದವನ ಮೂಗಿಗೆ ಹಕ್ಕಿ ಕುಕ್ಕಿತು. ಅವನು ಮೂಗು ಹಿಡಿದುಕೊಂಡೇ, "ಇಷ್ಟು ಸೊಕ್ಕು ಕಾಗೇಗೆ ಎಲ್ಲಿಂದ ಬರುತ್ತೆ? ಜಾರೋಗೇ!" ಎಂದು ತೀರ್ಪು ಕೊಟ್ಟು ಹೋದ.

"ಧ್ವನಿ ಕೇಳಿದ್ರೆ ಗೊತ್ತಾಗಿ ಹೋಗುತ್ತಲ್ಲ," ಎಂದ ಚಾದೋ. "ಕಾಗೆ ಕಾ ಕಾ ಅನ್ನುತ್ತೆ. ಜಾರೋಗ್ ಗಂಟಲೊಳಗಿಂದ ಗ್ರೋಂಕ್ ಅನ್ನುತ್ತೆ."

ದೋಫು ಹಕ್ಕಿಯ ಮುಂದೆ ಮಂಡಿಯೂರಿ ಕೂತು, "ಕಾ? ಕಾ ಕಾ? ಹೇಳಪ್ಪಾ, ಕಾ?" ಎಂದು ಗಂಟಲು ಕಟ್ಟುವ ತನಕ ಕೂಗಿದ. ಹಕ್ಕಿ ಒಣಗಿಸಿದ ಯಾಕ್ ಮಾಂಸ ತಿಂದಿತು, ಗಿಣ್ಣು ತಿಂದಿತು, ಬಿದಾಳಿಗೆಂದು ಇಟ್ಟಿದ್ದ ಮೊಟ್ಟೆ ತಿಂದಿತು. ತುಟಿ ಪಿಟಕ್ಕೆನ್ನಲಿಲ್ಲ. ಆಸ್ಥಾನದಲ್ಲಿ ಕೂತವರ ಹಾಗೆ ಸುಮ್ಮನೆ ನೋಡುತ್ತಿತ್ತು. ಇನ್ನೊಂದು ಕಾಗೆ ತಂದು ಪಕ್ಕದಲ್ಲಿ ಇಟ್ಟು ನೋಡೋಣವೆಂದರೆ, ದಿನವೂ ಮಾಡಿನ ಮೇಲೆ ಸಂತೆ ಕೂಡುತ್ತಿದ್ದ ಕಾಗೆಗಳಲ್ಲಿ ಒಂದೂ ಕಾಣಿಸಲಿಲ್ಲ. ಬಾಣಕ್ಕೆ ಹೆದರಿ ಹೋಗಿದ್ದವು ಅಷ್ಟೆ. ಪೆಮ್ ಅಜ್ಜಿ ಮಾತ್ರ, "ದೇವರ ಹತ್ರ ದೂರು ಕೊಡೋಕೆ ಹೋಗಿವೆ," ಎಂದು ಬಂದವರಿಗೆಲ್ಲ ಚಹಾದ ಜೊತೆ ಹಂಚಿದಳು. ಆಮೇಲೆ ಊರಿನವರು ಕತ್ತಲಾಗುವ ಮೊದಲೇ ಬಾಗಿಲು ಹಾಕಿಕೊಳ್ಳತೊಡಗಿದರು.

ಅರಣ್ಯ ಇಲಾಖೆಯ ಕುಯೆಂಗಾ ಬಂದಾಗ ದೋಫುವಿಗೆ ಹೋದ ಜೀವ ಬಂದಂತಾಯಿತು. ಕುಯೆಂಗಾ ಓದಿದ ಹುಡುಗ, ಕೈಯಲ್ಲಿ ಬಣ್ಣದ ಚಿತ್ರಗಳ ಪುಸ್ತಕ, ಕೊರಳಲ್ಲಿ ದುರ್ಬೀನು. ಹಕ್ಕಿ ಎದುರಿಗೇ ಇದ್ದರೂ ದುರ್ಬೀನಿನಿಂದಲೇ ನೋಡಿದ.

"ಬಹಳ ಸುಲಭ," ಎಂದ ಕುಯೆಂಗಾ. "ಬಾಲ ನೋಡಿದ್ರೆ ಸಾಕು, ಮಕ್ಕಳೂ ಹೇಳ್ತಾರೆ. ಬಾಲದ ತುದಿ ಗುಂಡಗಿದ್ರೆ ಕಾಗೆ. ನಡುವೆ ಉದ್ದವಾಗಿ ಚೂಪಾಗಿದ್ರೆ ಜಾರೋಗ್. ಎಲ್ಲಿ, ತಿರುಗಿಸಿ."

ದೋಫು ಹಕ್ಕಿಯನ್ನು ತಿರುಗಿಸಿದ. ಕುಯೆಂಗಾ ಪುಸ್ತಕ ನೋಡಿದ, ಹಕ್ಕಿಯ ಬೋಳು ಹಿಂಭಾಗ ನೋಡಿದ, ಮತ್ತೆ ಪುಸ್ತಕ ನೋಡಿದ.

"ಬಾಲ ಎಲ್ಲಿ?"

"ಅದನ್ನೇ ಅಲ್ವೇನಪ್ಪಾ ನಾನು ಹೊಡೆದಿದ್ದು," ಎಂದ ದೋಫು, ಅಳುವ ದನಿಯಲ್ಲಿ.

"ಹೊಸ ಬಾಲ ಬರೋವರ್ಗೂ ಕಾಯ್ಬೇಕು. ತಿಂಗಳುಗಟ್ಟಲೆ ಆಗುತ್ತೆ." ಕುಯೆಂಗಾ ಪುಸ್ತಕ ಮಡಚಿದ. "ಆದ್ರೂ ದೋಫು ಅಣ್ಣಾ, ಮೆಚ್ಚಿದೆ ನಿಮ್ಮನ್ನ. ಎರಡು ಹಕ್ಕೀನ ಬೇರೆ ಮಾಡಿ ತೋರಿಸೋ ಒಂದೇ ಒಂದು ಜಾಗ ಹುಡುಕಿ ಹೊಡೆದಿದ್ದೀರಲ್ಲ!"

ದೋಫು ಬೆಟ್ಟದ ಮೇಲಿನ ಗೊಂಪಾ ಮಠದ ಲಾಮಾ ಬಳಿಗೆ ಹತ್ತಿ ಓಡಿದ. ಲಾಮಾ ಹಕ್ಕಿ ಯಾವುದೆಂದು ಕೇಳಲೇ ಇಲ್ಲ.

"ಕೈ ತಪ್ಪಿ ಆಯ್ತೋ, ಬೇಕಂತ ಮಾಡಿದ್ಯೋ? ಕೈ ತಪ್ಪಿದ್ದಾದ್ರೆ ತುಪ್ಪದ ದೀಪ ಹಚ್ಚು, ಹೋಗುತ್ತೆ. ಬೇಕಂತ ಮಾಡಿದ್ರೆ ಅದು ಮನೆಮಂದಿಗೆಲ್ಲ ಅಂಟುತ್ತೆ."

"ಕೈ ತಪ್ಪಿದ್ದು ಸ್ವಾಮೀ! ಆಣೆಗೂ ಕೈ ತಪ್ಪಿದ್ದು! ನಾನು ಕಣ್ಣೇ ಬಿಟ್ಟಿರ್ಲಿಲ್ಲ!"

"ಹೌದೇನು?" ಎಂದರು ಲಾಮಾ. "ಬೇಕಂತಾನೇ ಹೊಡೆದಿದ್ದು ಅಂತ ನೀನು ಕೂಗಿದ್ದು ಇಲ್ಲೀವರೆಗೂ ಕೇಳಿಸ್ತಲ್ಲಪ್ಪಾ. ಪಾಠ ಹೇಳ್ತಿದ್ದೆ, ನಿಲ್ಲಿಸಿ ಕೇಳಿದೆ. ಈಗ ನೀನೊಬ್ನೇ ಅಂದ್ರೆ ಆಗಲ್ಲ. ಕೇಳಿಸಿಕೊಂಡ ಊರೇ ಬಂದು ಅಲ್ಲ ಅನ್ನಬೇಕು."

ಹೀಗೆ ದೋಫುವಿಗೆ ಬಿಲ್ಲು ಹಿಡಿಯಲು ಬರುವುದಿಲ್ಲ ಎಂದು ಸಾಬೀತು ಮಾಡಲು ಗುಪ್ ನಿಡುಪ್ ಅವರು ಪಂದ್ಯದ ಮೈದಾನದಲ್ಲೇ ಪಂಚಾಯಿತಿ ಕರೆದರು. ಎರಡೂ ದಡದ ಜನ ಸೇರಿದರು. ದೋಫು ನಡುವೆ ಕೈಕಟ್ಟಿ ನಿಂತ. ಬಿದಾ ಚಾಪೆಯ ಮೇಲೆ ದಿಂಬಿಗೆ ಒರಗಿ ಕೂತಳು, ಪಕ್ಕದಲ್ಲಿ ಪೆಮ್ ಅಜ್ಜಿ, ಅಜ್ಜಿಯ ತೊಡೆಯ ಮೇಲೆ ಬುಟ್ಟಿಯಲ್ಲಿ ಹಕ್ಕಿ.

ಸಾಕ್ಷಿ ಹೇಳಲು ಜನ ಮುಗಿಬಿದ್ದರು. ಇಷ್ಟು ಉತ್ಸಾಹವನ್ನು ಗುಪ್ ಅವರು ಯಾವ ಚುನಾವಣೆಯಲ್ಲೂ ಕಂಡಿರಲಿಲ್ಲ. "ನಮ್ ಮನೆ ಮಾಡಿನ ಮೇಲಿಂದ ಇವನ ಬಾಣ ಆರಿಸಿ ಆರಿಸಿ ಒಂದು ಬೇಲಿ ಕಟ್ಟಿದ್ದೀನಿ," ಎಂದಳು ಒಬ್ಬ ಹೆಂಗಸು. "ಕಲ್ಲು ತಗೊಂಡು ನದಿಗೆ ಹೊಡಿ ಅಂದ್ರೂ ನದಿಗೆ ಬೀಳಲ್ಲ ಸ್ವಾಮೀ," ಎಂದ ಇನ್ನೊಬ್ಬ. "ಬಾಯಿಗೆ ಅನ್ನ ಇಡೋಕೆ ಹೋದ್ರೆ ಕಿವೀಗೆ ಇಡ್ತಾರೆ ನಮ್ ಮನೆಯವ್ರು," ಎಂದು ಬಿದಾ ಕೂತಲ್ಲಿಂದಲೇ ತನ್ನದೂ ಒಂದು ಸೇರಿಸಿದಳು. ಪ್ರತಿ ಮಾತಿಗೂ ದೋಫು ಕೈ ಮುಗಿದು, "ನಿಜ, ನಿಜ, ಇನ್ನೂ ಹೇಳಿ," ಎನ್ನುತ್ತಿದ್ದ. ಅವಮಾನವಾಗುತ್ತಿತ್ತು, ಆದರೆ ಮಗುವಿನ ಮುಖದಿಂದ ಕೊಕ್ಕು ಚೂರುಚೂರೇ ಕರಗುತ್ತಿದೆ ಎನ್ನಿಸಿ ಸಮಾಧಾನವೂ ಆಗುತ್ತಿತ್ತು.

ಆಗ ಚಾದೋ ಎದ್ದು ನಿಂತ. ಅವನ ಮುಖ ಕೆಂಪಾಗಿತ್ತು.

"ಸಾಕು ನಿಲ್ಸಿ! ಒಬ್ಬ ಮನುಷ್ಯನ ಮಾನ ಹೀಗೆ ಕಳೀತೀರಲ್ಲ, ನಾಚಿಕೆ ಆಗಲ್ವಾ? ನನ್ ಗೆಳೆಯ ಅವ್ನು. ಒಳ್ಳೇ ಬಿಲ್ಲುಗಾರ! ಗಳು ತುದೀಲಿದ್ದ ಹಕ್ಕೀನ ಒಂದೇ ಬಾಣಕ್ಕೆ ಉರುಳಿಸ್ದ, ನಾನೇ ಕಣ್ಣಾರೆ ಕಂಡಿದ್ದೀನಿ. ಯಾವನಾದ್ರೂ ಅಲ್ಲ ಅಂದ್ರೆ ನನ್ ಮುಂದೆ ಬಂದು ಅನ್ನಲಿ!"

"ಚಾದೋ, ಕೂತ್ಕೊಳ್ಳೋ, ನಿನ್ ಕಾಲಿಗ್ ಬೀಳ್ತೀನಿ!" ಎಂದು ದೋಫು ಗೋಗರೆದ.

"ನೋಡಿ ಎಂಥಾ ವಿನಯ!" ಎಂದ ಚಾದೋ, ಕಣ್ಣೊರೆಸಿಕೊಂಡು.

ಗುಪ್ ತಲೆ ಕೆರೆದುಕೊಂಡರು. ಒಂದು ಕಡೆ ಊರು, ಒಂದು ಕಡೆ ತಂಡದ ನಾಯಕ. ಯೋಚಿಸಿ ಯೋಚಿಸಿ, ಬಿಲ್ಲು ತರಿಸಿದರು. "ಬಿಡು ಎರಡು ಬಾಣ. ಎರಡೂ ತಪ್ಪಿದ್ರೆ ನಿಂಗೆ ಹೊಡೆಯೋಕೆ ಬರಲ್ಲ ಅಂತ ತೀರ್ಮಾನ. ದೀಪ ಹಚ್ಚಿ ಆರಾಮಾಗಿರು. ತಾಗಿದ್ರೆ ಮಾತ್ರ ನೀನು ಬೇಕಂತಾನೇ ಹೊಡೆದಿದ್ದೀಯ ಅಂತ."

ಜನರಲ್ಲಿ ನಿರಾಳದ ನಗೆ ಹರಿದಾಡಿತು. ಇದಕ್ಕಿಂತ ಸುಲಭದ ಪರೀಕ್ಷೆ ದೋಫುವಿಗೆ ಯಾರೂ ಒಡ್ಡಿರಲಿಲ್ಲ. ಮೊದಲನೆಯ ಬಾಣ ಎಂದಿನಂತೆ ಹೋಗಿ ಎಂದಿನಂತೆ ಯಾರದೋ ಮಾಡಿನ ಮೇಲೆ ಬಿತ್ತು. ಎರಡೂ ದಡದವರು ಸೇರಿ ಚಪ್ಪಾಳೆ ತಟ್ಟಿದರು.

ಎರಡನೆಯ ಬಾಣ ಹೂಡಿದಾಗ ದೋಫು ಹೆಂಡತಿಯ ಕಡೆ ನೋಡಿದ. ಅವಳ ಮುಖ ಬಿಳುಚಿತ್ತು. ಅಕಸ್ಮಾತ್ ತಾಗಿಬಿಟ್ಟರೆ? ಬೇಡಪ್ಪಾ, ಆ ಅಪಾಯವೇ ಬೇಡ ಎಂದು, ಅವನು ಹಲಗೆಯ ಕಡೆಗೆ ಬೆನ್ನು ಅರ್ಧ ತಿರುಗಿಸಿ, ನೇರವಾಗಿ ನದಿಗೆ ಗುರಿಯಿಟ್ಟ. ಗುರಿಯಿಟ್ಟಲ್ಲಿಗೆ ಎಂದೂ ಬಾಣ ಹೋಗದವನು ನದಿಗೆ ಗುರಿಯಿಟ್ಟರೆ ನದಿಗಾದರೂ ಹೇಗೆ ಹೋದೀತು ಎಂಬುದು ಆ ಗಾಬರಿಯಲ್ಲಿ ಅವನಿಗೆ ಹೊಳೆಯಲಿಲ್ಲ. ಬಿಡುವಾಗ ಹೆಬ್ಬೆರಳು ಜಾರಿತು, ಬಾಣ ಬಿಲ್ಲಿನ ಕೋಲಿಗೆ ಬಡಿದು, ಗಾಳಿಗೆ ಹೊರಳಿ ಹೋಗಿ ಹಲಗೆಯ ನಟ್ಟನಡುವಿನ ಕಣ್ಣಿಗೆ ಠಕ್ಕೆಂದು ನಾಟಿತು.

"ಕರೇ!" ಎಂದು ಚಾದೋ ಗುರಿ ತಾಗಿದಾಗಿನ ಕೇಕೆ ಹಾಕಿದ.

ನಟ್ಟನಡುವೆ ಬಾಣ ಬಿದ್ದರೆ ತಂಡದವರು ಕುಣಿಯಲೇಬೇಕು, ಅದು ಅವರ ರಕ್ತದಲ್ಲಿದೆ. ಪಂಚಾಯಿತಿಯೋ ಪಾಪವೋ, ಯಾವುದೂ ಅವರಿಗೆ ನೆನಪಾಗಲಿಲ್ಲ. ಎಲ್ಲರೂ ಓಡಿಬಂದು ದೋಫುವಿನ ಸುತ್ತ ಸುತ್ತು ಕಟ್ಟಿ, ಕಾಲೆತ್ತಿ, ಕೈಯೆತ್ತಿ, ಕೇಕೆ ಹಾಕಿ ಕುಣಿದರು. ಗುರಿ ತಾಗಿಸಿದವನ ಗುರುತೆಂದು ಚಾದೋ ಅವನ ಸೊಂಟಕ್ಕೆ ಹಳದಿ ಪಟ್ಟಿ ಕಟ್ಟಿದ. ನಡುವೆ ನಿಂತ ದೋಫು ಗೊಳೋ ಎಂದು ಅಳುತ್ತಿದ್ದ.

"ಸಂತೋಷಕ್ಕೆ ಅಳ್ತಿದ್ದಾನೆ ಪಾಪ!" ಎಂದ ಚಾದೋ.

"ನಾನು ನದೀಗೆ ಹೊಡೆದಿದ್ದು ಗುಪ್ ಅವ್ರೇ! ನದೀಗೆ!"

"ಅವತ್ತು ಕಾಗೇಗೆ ಹೊಡೆದಿದ್ದು ಅಂದೆ, ಇವತ್ತು ನದೀಗೆ ಅಂತೀಯ," ಎಂದರು ಗುಪ್ ಅವರು ದುಃಖದಿಂದ. "ನಿನ್ನ ಯಾವ ಮಾತು ನಂಬ್ಲಿ ನಾನು?"

ಆ ಗದ್ದಲದ ನಡುವೆ ಬುಟ್ಟಿಯಿಂದ ಇನ್ನೊಂದು ಧ್ವನಿ ಎದ್ದಿತು. "ಕಾ! ಕಾ! ಕಾ!"

ಕುಣಿತ ನಿಂತಿತು. ಹಕ್ಕಿ ಬುಟ್ಟಿಯಂಚಿಗೆ ಹತ್ತಿ ಕೂತು, ಕುತ್ತಿಗೆ ಉದ್ದ ಮಾಡಿ, ಎಲ್ಲರಿಗೂ ಕೇಳಿಸುವ ಹಾಗೆ ಮತ್ತೊಮ್ಮೆ ಕಾ ಎಂದಿತು. ಅಪ್ಪಟ ಕಾಗೆಯ ಧ್ವನಿ. ಕುಯೆಂಗಾ ಪುಸ್ತಕ ತೆಗೆದು, "ಕಾ ಅಂದ್ರೆ ಕಾಗೆ, ಇಲ್ಲೇ ಬರೆದಿದೆ," ಎಂದ. ಗುಪ್ ಅವರು, "ದೇವರು ದೊಡ್ಡೋನು," ಎಂದು ಅಡಿಕೆ ಡಬ್ಬಿಗೆ ಕೈ ಹಾಕಿದರು. ದೋಫು ಅಲ್ಲೇ ಮಣ್ಣಿನಲ್ಲಿ ಕುಸಿದು ಕೂತು ನಗತೊಡಗಿದ.

"ಎಲ್ಲಾರೂ ಮುಗಿಸಿದ್ರಾ?" ಎಂದಳು ಪೆಮ್ ಅಜ್ಜಿ. "ಜಾರೋಗ್ ಬೇಕಾದ ಧ್ವನಿ ತೆಗೆಯುತ್ತೆ. ನಾಯಿ ಹಾಗೆ ಬೊಗಳಿದ್ದನ್ನ ನಮ್ಮಪ್ಪ ಕೇಳಿದ್ದ. ಇಷ್ಟು ದಿನ ಮನೇಲಿ ಕೂತು ನಮ್ ವಾದ ಎಲ್ಲಾ ಕೇಳಿಸ್ಕೊಂಡು, ಕಾ ಅಂದ್ರೆ ಕಾಗೆ ಅಂತಾರೆ ಅಂತ ತಿಳ್ಕೊಂಡು, ಸರಿಯಾಗಿ ಪಂಚಾಯಿತಿ ಸೇರಿದ್ ಹೊತ್ತಿಗೆ ಕಾ ಅಂತಲ್ಲ! ಇಷ್ಟು ಬುದ್ಧಿ ಕಾಗೇಗೆ ಇರುತ್ತಾ, ನೀವೇ ಹೇಳಿ."

ಗುಪ್ ಡಬ್ಬಿ ಮುಚ್ಚಿದರು. ಹೆಂಗಸೊಬ್ಬಳು ಕೈಯೆತ್ತಿ ಹಕ್ಕಿಗೆ ಮುಗಿದಳು, ಅವಳನ್ನು ನೋಡಿ ಇನ್ನೊಬ್ಬಳು ಮುಗಿದಳು.

ಆಗಲೇ ಬಿದಾ ಕಿರುಚಿದ್ದು. "ಅಯ್ಯೋ! ಕಾಗೆ ಗೀಗೆ ಎಲ್ಲಾ ಆಮೇಲೆ ನೋಡ್ಕೊಳ್ಳಿ, ನಂಗೆ ನೋವು ಶುರುವಾಗಿದೆ, ಯಾರಾದ್ರೂ ಎತ್ಕೊಳ್ಳಿ ನನ್ನ!"

ಗುಪ್ ಅವರ ಗಾಡಿಯೇ ಬಂತು. ಬಿದಾ, ಪೆಮ್ ಅಜ್ಜಿ, ಗುಪ್, ಚಾದೋ, ಎಲ್ಲರೂ ಒಳಗೆ. ದೋಫು ಬುಟ್ಟಿಯನ್ನು ಅಪ್ಪಿಕೊಂಡು ಹಿಂದೆ ನೇತಾಡಿದ. ಉಳಿದ ಊರು ಹೊಲದ ಅಡ್ಡದಾರಿಯಲ್ಲಿ ಓಡಿ ಅವರಿಗಿಂತ ಮೊದಲೇ ಆರೋಗ್ಯ ಕೇಂದ್ರದ ಬಾಗಿಲಲ್ಲಿ ನಿಂತಿತ್ತು. ನರ್ಸಮ್ಮ ಬಿದಾಳನ್ನೂ ಅಜ್ಜಿಯನ್ನೂ ಒಳಗೆ ಬಿಟ್ಟು, ಉಳಿದವರನ್ನೆಲ್ಲ ಅಂಗಳಕ್ಕೆ ಅಟ್ಟಿದಳು.

ದೋಫು ಹಿಂಬದಿಯ ಕಟ್ಟೆಯ ಮೇಲೆ ಹಕ್ಕಿಯೊಂದಿಗೆ ಒಬ್ಬನೇ ಕೂತ. ಒಳಗಿನಿಂದ ಬಿದಾ ಕೂಗಿದಾಗಲೆಲ್ಲ ಅವನು ಎದ್ದು ನಿಂತು ಮತ್ತೆ ಕೂರುತ್ತಿದ್ದ. ಕೊನೆಗೆ ತಡೆಯಲಾರದೆ ಅವನು ಬುಟ್ಟಿಯ ಮುಚ್ಚಳ ತೆಗೆದು ಕೈ ಮುಗಿದ.

"ನೀನು ಯಾರಾದ್ರೂ ಆಗಿರಪ್ಪಾ, ನಂಗೆ ಗೊತ್ತಾಗಲ್ಲ. ನಿನ್ನ ನಾನು ನೋಡೇ ಇರ್ಲಿಲ್ಲ, ಇದು ಸತ್ಯ. ನಂಗೆ ಬಾಣ ಬಿಡೋಕೆ ಬರಲ್ಲ. ಎಲ್ಲಾರೂ ನಗ್ತಿದ್ರು, ನಾಚಿಕೆಗೆ ಹಾಗಂದ್ಬಿಟ್ಟೆ. ನಿನ್ ಬಾಲ ಹೋಯ್ತು, ತಪ್ಪಾಯ್ತು. ಬೇಕಾದ್ರೆ ನನ್ ಮೂಗು ಕಿತ್ಕೊ, ಕಣ್ಣು ಕಿತ್ಕೊ. ಒಳಗಿರೋದಕ್ಕೆ ಏನೂ ಮಾಡ್ಬೇಡ. ಅದು ಯಾರಿಗೂ ಬಾಣ ಬಿಟ್ಟಿಲ್ಲ."

ಹಕ್ಕಿ ತಲೆ ಓರೆ ಮಾಡಿ ಕೇಳಿಸಿಕೊಂಡಿತು. ಆಮೇಲೆ ಅವನ ಸೊಂಟದ ಹಳದಿ ಪಟ್ಟಿಯನ್ನು ಎಳೆದು ನೋಡಿತು.

ಒಳಗೆ ಮಗು ಅತ್ತಿತು.

ದೋಫು ಬುಟ್ಟಿ ಬಿಟ್ಟು ಎದ್ದು ಓಡಿದ. ಬಾಗಿಲಲ್ಲಿ ಅಡ್ಡ ಬಂದ ನರ್ಸಮ್ಮನ ಎರಡೂ ಕೈ ಹಿಡಿದುಕೊಂಡ. "ಬಾಯಿ! ಬಾಯಿ ಹೇಗಿದೆ? ಮೂತಿ ಉದ್ದ ಇದೆಯಾ?"

"ಏನ್ರೀ ಇದು, ಹುಚ್ಚಾ ನಿಮಗೆ? ಎಲ್ಲಾ ಸರಿಯಾಗಿದೆ," ಎಂದಳು ನರ್ಸಮ್ಮ.

ಅವನು ನಂಬಲಿಲ್ಲ. ಒಳಗೆ ನುಗ್ಗಿದ. ಪೆಮ್ ಅಜ್ಜಿ ಬಟ್ಟೆಯ ಗಂಟೊಂದನ್ನು ಹಿಡಿದು ನಿಂತಿದ್ದಳು, ಅದನ್ನು ಅವನ ಕೈಗಿಟ್ಟಳು. ದೋಫು ಕಣ್ಣು ಮುಚ್ಚಿದ. ಆಮೇಲೆ ಒಂದೇ ಒಂದು ಕಣ್ಣು ತೆರೆದು ನೋಡಿದ. ಹಲ್ಲಿಲ್ಲದ, ಗುಲಾಬಿ ಬಣ್ಣದ, ಮೆತ್ತಗಿನ ಪುಟ್ಟ ಬಾಯಿ. ಅದು ಆಕಳಿಸಿತು. ದೋಫು ಬೆರಳಿನಿಂದ ಅದರ ತುಟಿ ಮುಟ್ಟಿ ನೋಡಿದ, ಮತ್ತೊಮ್ಮೆ ಮುಟ್ಟಿ ನೋಡಿದ, ಆಮೇಲೆ ಅವನಿಗೆ ಅಳು ತಡೆಯಲಾಗಲಿಲ್ಲ.

ಬಿದಾ ಮಲಗಿದಲ್ಲಿಂದ, "ಮಗೂನ ಬೀಳಿಸ್ಬೇಡ್ರೀ, ನಿಮ್ ಕೈ ನಂಬೋಕಾಗಲ್ಲ," ಎಂದಳು.

ಅಷ್ಟರಲ್ಲಿ ಅಂಗಳದಲ್ಲಿ ಹಾಹಾಕಾರವೆದ್ದಿತು. ಮುಚ್ಚಳ ತೆರೆದಿದ್ದ ಬುಟ್ಟಿಯಿಂದ ಹಕ್ಕಿ ಹೊರಬಂದು, ಕಟ್ಟೆಯ ಮೇಲೆ ಸ್ವಲ್ಪ ದೂರ ನಡೆದು, ಬಾಲವಿಲ್ಲದ್ದರಿಂದ ಓಲಾಡುತ್ತಾ ಓಲಾಡುತ್ತಾ ಮಾಡಿನ ಮೇಲೇರಿ, ಪೈನ್ ಮರಗಳ ಕಡೆಗೆ ಹಾರಿಹೋಯಿತು. ಊರೆಲ್ಲ ಬಾಯಿ ಬಿಟ್ಟುಕೊಂಡು ನೋಡಿತು. ಮರಗಳಲ್ಲಿ ಒಂದು ಹಕ್ಕಿ ಕಾ ಎಂದಿತು, ಮತ್ತೊಂದು ಗ್ರೋಂಕ್ ಎಂದಿತು. ಅವುಗಳಲ್ಲಿ ನಮ್ಮದು ಯಾವುದು ಎಂದು ಹೇಳಬಲ್ಲವರು ಯಾರೂ ಇರಲಿಲ್ಲ.

ಗುಪ್ ನಿಡುಪ್ ಅವರು ಬೆವರೊರೆಸಿಕೊಳ್ಳುತ್ತಾ ಕಿಟಕಿಗೆ ಓಡಿಬಂದರು. ಒಂದು ಕೈಯಲ್ಲಿ ವರದಿಯ ಕಾಗದ, ಇನ್ನೊಂದರಲ್ಲಿ ಪೆನ್ನು.

"ದೋಫು! ಹಾರಿಹೋಯ್ತಲ್ಲೋ ಅದು! ಸಂಜೆ ಒಳಗೆ ಜೋಂಗ್‌ಗೆ ಕಳಿಸ್ಬೇಕು ಕಣೋ. ಇಷ್ಟು ದಿನ ಹತ್ರ ಇಟ್ಕೊಂಡಿದ್ದೋನು ನೀನೊಬ್ನೇ. ಈಗಲಾದ್ರೂ ಹೇಳಿ ಸಾಯಿ, ಏನು ಬರ್ಕೊಳ್ಲಿ ನಾನು? ಕಾಗೇನೋ, ಜಾರೋಗೋ?"

ದೋಫು ಮಗುವನ್ನು ಎದೆಗವಚಿಕೊಂಡು ಕಿಟಕಿಯ ಬಳಿ ಬಂದ. ಕಣ್ಣೀರು ಸುರಿಯುತ್ತಿತ್ತು, ಬಾಯಿ ನಗುತ್ತಿತ್ತು.

"ಹೆಣ್ಣು!" ಎಂದು ಕೂಗಿದ. "ಹೆಣ್ಣು ಗುಪ್ ಅವ್ರೇ, ಹೆಣ್ಣು!"

ಗುಪ್ ಬರೆದುಕೊಂಡರು.